ದೋಣಿಯಲ್ಲಿ ಹನ್ನೊಂದು ಜನ

ಬೆನ್ನಿಗೆ ಮೂಟೆ ಕಟ್ಟಿಕೊಂಡು ಅಲೆಯುವವರನ್ನು ಸಿಸ್ಟರ್ ಈವರೆಗೆ ಪಾಪದವರು ಎಂದೇ ತಿಳಿದಿದ್ದಳು. ದುಡ್ಡು ಕೊಟ್ಟು, ರಜೆ ಹಾಕಿ, ವಿಮಾನ ಹತ್ತಿ ಬಂದು ಹಾಗೆ ಅಲೆಯುವ ಜನರೂ ಇದ್ದಾರೆಂಬುದು ನಲವತ್ತೇಳನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅದೂ ಎಲ್ಲಿ, ಪರದೇಶದ ಒಂದು ಕಡಲೂರಿನಲ್ಲಿ, ಹನ್ನೆರಡು ಮಂಚಗಳನ್ನು ಎರಡೆರಡಾಗಿ ಪೇರಿಸಿದ ಒಂದೇ ಕೋಣೆಯಲ್ಲಿ, ಮೇಲಿನಿಂದ ಇಳಿಬಿದ್ದ ಯಾರದೋ ಒದ್ದೆ ಚಡ್ಡಿಯನ್ನು ಪೆನ್ನಿನ ತುದಿಯಿಂದ ಆಚೆ ತಳ್ಳುತ್ತ ಕುಳಿತಿದ್ದಾಗ.

ಅದನ್ನು ಹಾಸ್ಟೆಲ್ ಎನ್ನುತ್ತಿದ್ದರು. ಸಿಸ್ಟರ್ ಮೊದಲು ಜನರಲ್ ವಾರ್ಡ್ ಎಂದು ಹೆಸರಿಟ್ಟಳು, ಆಮೇಲೆ ವಾರ್ಡಿಗೆ ಅವಮಾನವಾದೀತೆಂದು ಆ ಹೆಸರನ್ನು ವಾಪಸು ತೆಗೆದುಕೊಂಡಳು. ವಾರ್ಡಿನಲ್ಲಿ ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸುತ್ತಾರೆ. ಇಲ್ಲಿ ನೆಲದ ಮೇಲೆ ಮರಳು, ಮರಳಿನ ಮೇಲೆ ಟವೆಲ್, ಟವೆಲ್ ಮೇಲೆ ಅರ್ಧ ತಿಂದ ಬಾಳೆಹಣ್ಣು, ಅದಕ್ಕೆ ಒರಗಿಕೊಂಡು ಹಲ್ಲುಜ್ಜುವ ಒಂದು ಬ್ರಷ್. ಬ್ರಷ್ಷಿನ ಒಡತಿ ಬಂದು ಅದನ್ನೆತ್ತಿ, ತೊಡೆಗೆ ಒರೆಸಿಕೊಂಡು, ಬಾಯಿಗೆ ಇಟ್ಟುಕೊಂಡಳು. ಸಿಸ್ಟರ್ ಕಣ್ಣು ಮುಚ್ಚಿಕೊಂಡಳು.

"ಚಿಕ್ಕಮ್ಮ, ಮುಖ ಹಾಗೆ ಮಾಡ್ಬೇಡ. ಎಲ್ಲರೂ ನೋಡ್ತಾರೆ," ಎಂದಳು ಮೇಲಿನ ಮಂಚದಿಂದ ಅಕ್ಕನ ಮಗಳು.

"ನನ್ನ ಮುಖ ಹುಟ್ಟಿದಾಗಿಂದ ಹೀಗೇ ಇದೆ."

"ಇಲ್ಲ, ಕೆಟ್ಟ ವಾಸನೆ ಬಂದಾಗ ಮಾತ್ರ ಹೀಗಾಗುತ್ತೆ."

"ಹಾಗಾದ್ರೆ ಈ ಊರಿಗೆ ಬಂದಾಗಿಂದ ಹೀಗೇ ಇದೆ."

ಅಕ್ಕನ ಮಗಳಿಗೆ ಇಪ್ಪತ್ತಮೂರು. ಪರೀಕ್ಷೆ ಮುಗಿಸಿದವಳೇ, ದೇಶ ಸುತ್ತಿ ನನ್ನನ್ನು ನಾನು ಹುಡುಕಿಕೊಳ್ಳಬೇಕು ಎಂದು ಹಟ ಹಿಡಿದಳು. ಮನೆಯಲ್ಲಿ ತನ್ನ ಚಪ್ಪಲಿಯನ್ನೇ ಹುಡುಕಿಕೊಳ್ಳಲಾರದ ಹುಡುಗಿ. ಅಕ್ಕ ಎರಡು ದಿನ ಅತ್ತು, ಮೂರನೆಯ ದಿನ ಒಂದು ಷರತ್ತಿನ ಮೇಲೆ ಒಪ್ಪಿದಳು: ಚಿಕ್ಕಮ್ಮನೂ ಜೊತೆಗೆ ಹೋಗಬೇಕು. ಚಿಕ್ಕಮ್ಮನಿಗೆ ಹೇಗೂ ಒಂದು ತಿಂಗಳ ರಜೆ ಇತ್ತು.

ಆ ರಜೆಯ ವಿಷಯ ಎತ್ತಿದರೆ ಸಿಸ್ಟರ್ ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಅವಳು ಆಪರೇಷನ್ ಥಿಯೇಟರಿನ ಸಿಸ್ಟರ್. ಮನೆಯವರೂ ಅವಳನ್ನು ಹಾಗೇ ಕರೆದು ಕರೆದು ಅದೇ ಹೆಸರಾಗಿಹೋಗಿತ್ತು. ಡಾಕ್ಟರು ಕೈ ಚಾಚಿದರೆ ಬೇಕಾದ ಕತ್ತರಿಯೋ ಇಕ್ಕಳವೋ ಕೇಳುವ ಮೊದಲೇ ಅಂಗೈಗೆ ಬೀಳಬೇಕು, ಅದು ಅವಳ ಅರ್ಧ ಕೆಲಸ. ಉಳಿದರ್ಧ ಎಣಿಕೆ. ಹೊಟ್ಟೆಯೊಳಗೆ ರಕ್ತ ಒರೆಸುವ ಬಟ್ಟೆಗೆ ಅಲ್ಲಿ ಮಾಪ್ ಎನ್ನುತ್ತಾರೆ. ತೆರೆಯುವ ಮೊದಲು ಮಾಪ್ ಎಷ್ಟೆಂದು ಇಬ್ಬರು ಗಟ್ಟಿಯಾಗಿ ಎಣಿಸಿ ಗೋಡೆಯ ಹಲಗೆಯ ಮೇಲೆ ಬರೆಯಬೇಕು, ಮುಚ್ಚುವ ಮೊದಲು ಮತ್ತೆ ಎಣಿಸಬೇಕು. ಎರಡೂ ಒಂದೇ ಆದರೆ ಹೊಲಿಗೆ, ಇಲ್ಲದಿದ್ದರೆ ಹುಡುಕಾಟ. ಇದರಲ್ಲಿ ದೊಡ್ಡವರು ಚಿಕ್ಕವರು ಎಂಬುದಿಲ್ಲ ಎಂದು ಅವಳೇ ಹೊಸ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು.

ಮೂರು ವಾರದ ಹಿಂದೆ ಬಸ್ ಕಂಡಕ್ಟರ್ ಹೆಂಗಸೊಬ್ಬಳ ಗರ್ಭಕೋಶದ ಗಡ್ಡೆ ತೆಗೆದ ದಿನ, ಎಣಿಸಿ ಇಟ್ಟದ್ದು ಹತ್ತು ಮಾಪ್, ವಾಪಸು ಬಂದದ್ದು ಒಂಬತ್ತು. ಸಿಸ್ಟರ್ ಹೇಳಿದಳು. ದೊಡ್ಡ ಡಾಕ್ಟರಿಗೆ ಇನ್ನೂ ಎರಡು ಆಪರೇಷನ್ ಕಾದಿದ್ದವು. ಹೊಟ್ಟೆಯೊಳಗೆ ಒಮ್ಮೆ ಕೈಯಾಡಿಸಿ, ಏನೂ ಇಲ್ಲ ಎಂದರು. ಎಕ್ಸ್‌ರೇ ತೆಗೆಯೋಣ ಎಂದಳು ಸಿಸ್ಟರ್. ಎಕ್ಸ್‌ರೇಯಲ್ಲಿ ಕಾಣಲೆಂದೇ ಮಾಪಿನಲ್ಲಿ ಒಂದು ನೀಲಿ ದಾರ ಹೆಣೆದಿರುತ್ತಾರೆ. "ಕಟ್ಟಿನಲ್ಲೇ ಒಂಬತ್ತು ಇದ್ದಿರುತ್ತೆ. ವಯಸ್ಸಾಯ್ತು ಸಿಸ್ಟರ್ ನಿಮಗೆ," ಎಂದರು ದೊಡ್ಡ ಡಾಕ್ಟರು. ಬೆಳಿಗ್ಗೆ ಜೊತೆಗೆ ಎಣಿಸಿದ್ದ ಹೊಸ ಹುಡುಗಿ ನೆಲ ನೋಡುತ್ತ ನಿಂತಳು. ಸಿಸ್ಟರ್ ಮತ್ತೆ ಎಣಿಸಿದಳು, ಮತ್ತೂ ಒಮ್ಮೆ ಎಣಿಸಿದಳು. ಮೂರನೆಯ ಸಲ ಎಣಿಸುವಾಗ, ಬೆಳಿಗ್ಗೆ ತಾನು ಹತ್ತು ಎಣಿಸಿದ್ದು ನಿಜವೇ ಎಂಬ ಅನುಮಾನ ಒಳಗೆ ಹೊಕ್ಕಿತು. ಅಷ್ಟು ಸಾಕಾಯಿತು. ಹಲಗೆಯ ಮೇಲೆ, ವಾಪಸು ಹತ್ತು, ಎಂದು ತನ್ನ ಕೈಯಾರೆ ಬರೆದಳು. ಕೇಸ್‌ಶೀಟಿಗೆ ಸಹಿ ಹಾಕಿದಳು. ಮಾರನೆಯ ದಿನ ಆಫೀಸಿಗೆ ಕರೆದು, ಒಂದು ತಿಂಗಳು ವಿಶ್ರಾಂತಿ ತೆಗೆದುಕೊಳ್ಳಿ, ಆಮೇಲೆ ನೋಡೋಣ ಎಂದರು.

ಆಪರೇಷನ್ನಿಗೆ ಮೊದಲು, ಅರಿವಳಿಕೆಯ ಮಂಪರು ಏರುವ ಮುನ್ನ, ಆ ಕಂಡಕ್ಟರಮ್ಮ ಮೇಜಿನ ಮೇಲೆ ಮಲಗಿಕೊಂಡೇ ಸಿಸ್ಟರ್ ಕೈ ಹಿಡಿದು ನಕ್ಕಿದ್ದಳು. "ನೀವೂ ಎಣಿಸೋರಂತೆ, ನಾನೂ ಎಣಿಸೋಳು. ನನ್ನ ಬಸ್ಸಲ್ಲಿ ಒಂದು ತಲೆ ಕಡಿಮೆ ಇದ್ರೂ ನಾನು ರೈಟ್ ಹೇಳಲ್ಲ, ಸಿಸ್ಟರ್."

ರಜೆಯ ಮೇಲೆ ಹೊರಟ ದಿನ ಸಿಸ್ಟರ್ ಅವಳ ಫೋನ್ ನಂಬರನ್ನು ಕೇಸ್‌ಶೀಟಿನಿಂದ ಬರೆದುಕೊಂಡಿದ್ದಳು. ಒಂದು ಸಲವೂ ಒತ್ತಿರಲಿಲ್ಲ. ಡಾಕ್ಟರೇ ಕೈಯಾಡಿಸಿ ನೋಡಿದ್ದಾರೆ, ಅವರಿಗಿಂತ ನಾನು ಹೆಚ್ಚೇ ಎಂದುಕೊಳ್ಳುವುದು ಸುಲಭವಾಗಿತ್ತು. ಹಾಗೆಂದುಕೊಂಡ ದಿನಗಳಲ್ಲಿ ಊಟ ಮಾತ್ರ ಸೇರುತ್ತಿರಲಿಲ್ಲ.

ಆಸ್ಪತ್ರೆಯ ಸಿಟ್ಟನ್ನೆಲ್ಲ ಅವಳು ಹಾಸ್ಟೆಲ್ಲಿನವರ ಮೇಲೆ ತೀರಿಸಿಕೊಂಡಳು. ಮೂಗು ಮುರಿಯುವುದರಲ್ಲಿ ಅವಳದು ಎತ್ತಿದ ಕೈ, ಇಲ್ಲಿ ಮುರಿಯಲು ಬೇಕಾದಷ್ಟು ಸಿಕ್ಕಿತು. ಈ ಜನಕ್ಕೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಇರಾದೆಯೂ ಇರಲಿಲ್ಲ. ಎಲ್ಲರೂ ಎಲ್ಲರಿಗೂ ಬ್ರದರ್. ಬೆಳಿಗ್ಗೆ ಕಂಡವನನ್ನು ಮಧ್ಯಾಹ್ನ ತಬ್ಬಿಕೊಂಡು, ಸಂಜೆಗೆ ಜನ್ಮಾಂತರದ ನಂಟು ಎನ್ನುತ್ತಿದ್ದರು. ಸಿಸ್ಟರ್ ತನ್ನ ಅನುಕೂಲಕ್ಕೆ ಥಿಯೇಟರಿನ ಟ್ರೇಯಲ್ಲಿನ ಸಾಮಾನುಗಳ ಹೆಸರು ಹಚ್ಚಿದಳು. ಉದ್ದ ಕಾಲಿನ, ಮಾತಿನಲ್ಲೇ ಕತ್ತರಿಸಿಹಾಕುವ ಹುಡುಗಿ ಕತ್ತರಿ. ಒಣಕಲು ಕಡ್ಡಿಯಂಥ ಗಡ್ಡದ ಹುಡುಗ ಇಕ್ಕಳ. ಕಂಡಕಂಡವರನ್ನು ರಟ್ಟೆ ಹಿಡಿದು ಕುಣಿಯಲು ಎಳೆಯುತ್ತಿದ್ದವನು ಕೊಕ್ಕೆ. ಇನ್ನು ಮೂಲೆಯ ಮಂಚದಲ್ಲಿ ಐವತ್ತರ ಹತ್ತಿರದ, ದುಂಡಗಿನ, ಮೆತ್ತಗಿನ ಗಂಡಸೊಬ್ಬನಿದ್ದ. ಎಲ್ಲರೂ ತಮ್ಮ ಟವೆಲ್, ನೀರಿನ ಬಾಟಲಿ, ಕೊನೆಗೆ ತಿಂದ ಹಣ್ಣಿನ ಸಿಪ್ಪೆಯನ್ನೂ ಅವನ ಕೈಗೆ ಕೊಟ್ಟು ಹೋಗುತ್ತಿದ್ದರು, ಅವನು ತೆಗೆದುಕೊಳ್ಳುತ್ತಿದ್ದ. ಥಿಯೇಟರಿನಲ್ಲಿ ಹಾಗೆ ಬಳಸಿ ಬಿಟ್ಟದ್ದನ್ನೆಲ್ಲ ಹಾಕುವ ಬಾಗಿದ ಬಟ್ಟಲಿಗೆ ಕಿಡ್ನಿ ಟ್ರೇ ಎನ್ನುತ್ತಾರೆ. ಅವನಿಗೆ ಅದೇ ಹೆಸರಾಯಿತು.

ವರ್ಷಕ್ಕೊಮ್ಮೆ ನಡೆಯುವ ಬೀಚ್ ಪಾರ್ಟಿಗೆ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಹೊರಟಿತು. ಊರಿನಿಂದ ದೂರದ ಒಂದು ಮರಳ ದಂಡೆ, ದೋಣಿಯಲ್ಲೇ ಹೋಗಬೇಕು, ಸೂರ್ಯ ಮುಳುಗಿದಾಗ ಶುರುವಾಗಿ ಹುಟ್ಟುವವರೆಗೆ ಕುಣಿತ. ಅದನ್ನು ನೋಡದೆ ಸತ್ತರೆ ಹುಟ್ಟಿದ್ದೇ ದಂಡ ಎಂದಳು ಕತ್ತರಿ. ಹಾಗಾದರೆ ನಮ್ಮ ಕಡೆ ಎಷ್ಟೊಂದು ಜನ ದಂಡಕ್ಕೆ ಹುಟ್ಟಿದ್ದಾರೆ ಎಂದುಕೊಂಡಳು ಸಿಸ್ಟರ್. ಆದರೂ ಹೋದಳು. ಅಕ್ಕನಿಗೆ ಮಾತು ಕೊಟ್ಟಿದ್ದಳು.

ದೋಣಿ ಹತ್ತುವಾಗ ಅವಳು ಅಭ್ಯಾಸಬಲದಿಂದ ಎಣಿಸಿದಳು. ದೋಣಿಯವನನ್ನು ಬಿಟ್ಟು, ತನ್ನನ್ನು ಸೇರಿಸಿ, ಹನ್ನೆರಡು. ತನ್ನನ್ನು ಬಿಟ್ಟು ಎಣಿಸುವ ಹುಡುಗಾಟ ಅವಳದಲ್ಲ. ಉಣ್ಣೆ ಟೋಪಿಯ ದೋಣಿಯವನು, ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೊರಡುತ್ತೇನೆ, ನೀರು ಏರಿದ ಮೇಲೆ ಅಲ್ಲಿ ದೋಣಿ ನಿಲ್ಲಿಸಲಾಗುವುದಿಲ್ಲ ಎಂದು ಮೂರು ಸಲ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು.

ದಂಡೆಯಲ್ಲಿ ಮನೆಯೆತ್ತರಕ್ಕೆ ಲೌಡ್‌ಸ್ಪೀಕರುಗಳನ್ನು ಪೇರಿಸಿದ್ದರು. ಅವುಗಳಿಂದ ಬರುತ್ತಿದ್ದುದನ್ನು ಹಾಡು ಎನ್ನಬೇಕಂತೆ. ಧಬ್ ಧಬ್ ಎಂದು ಒಂದೇ ಸದ್ದು, ಮೂಳೆಗೆ ನಾಟುವ ಹಾಗೆ. ಸಿಸ್ಟರ್ ಬಲಗೈ ತಾನಾಗಿ ಎಡಗೈಯ ನಾಡಿ ಹಿಡಿದು ನೋಡಿತು. ಸಾವಿರಾರು ಜನ ಮೈಗೆ ಹೊಳೆಯುವ ಬಣ್ಣ ಬಳಿದುಕೊಂಡು ಒಂದೇ ಜಾಗದಲ್ಲಿ ನಿಂತು ಕುಪ್ಪಳಿಸುತ್ತಿದ್ದರು. ಎಲ್ಲರೂ ಬೇರೆಯವರ ಹಾಗೆ ಇರಬಾರದೆಂದು ಬಂದವರು, ಎಲ್ಲರ ಮೈಯ ಮೇಲೂ ಒಂದೇ ಹಸಿರು ಬಣ್ಣ. ನೆಲ ಒರೆಸುವ ಬಕೆಟ್ಟಿನಂಥ ಬಕೆಟ್ಟಿನಲ್ಲಿ ಮದ್ಯ ಸುರಿದು, ಆರು ಕೊಳವೆ ಇಟ್ಟು, ಆರು ಜನ ಬಾಯಿ ಹಾಕಿ ಹೀರುತ್ತಿದ್ದರು. ಆರು ಜನರ ಎಂಜಲು ಒಂದು ಬಕೆಟ್ಟಿನಲ್ಲಿ. ಒಂದು ಕಡೆ ಹಗ್ಗಕ್ಕೆ ಬೆಂಕಿ ಹಚ್ಚಿ ತಿರುಗಿಸುತ್ತಿದ್ದರು, ಓದಿದ ಮಕ್ಕಳು ಸಾಲಾಗಿ ನಿಂತು ಅದರ ಮೇಲೆ ಹಾರುತ್ತಿದ್ದರು. ಸುಟ್ಟುಕೊಂಡವರಿಗೆ ಚಪ್ಪಾಳೆ ಹೆಚ್ಚು ಬೀಳುತ್ತಿತ್ತು.

"ಚಿಕ್ಕಮ್ಮ, ಒಂದೇ ಒಂದು ಹಾಡಿಗೆ ಕುಣಿ. ನನಗೋಸ್ಕರ," ಎಂದಳು ಅಕ್ಕನ ಮಗಳು. ಅವಳ ಕೆನ್ನೆಯ ಮೇಲೂ ಹಸಿರು ಬಣ್ಣ.

"ಅದು ಯಾವಾಗ ಮುಗಿದು ಯಾವಾಗ ಶುರುವಾಗುತ್ತೆ ಅಂತ ಹೇಳು, ಕುಣೀತೀನಿ."

"ನಿನ್ನ ಜೊತೆ ಬಂದು ನನ್ನ ತಲೆ ಚಿಟ್ಟು ಹಿಡಿದುಹೋಯ್ತು." ಹುಡುಗಿ ಕಾಲು ಅಪ್ಪಳಿಸಿಕೊಂಡು ಗುಂಪಿನೊಳಗೆ ಕರಗಿಹೋದಳು.

ಸಿಸ್ಟರ್ ಒಂದು ಮರದ ದಿಮ್ಮಿಯ ಮೇಲೆ ಕುಳಿತಳು. ಅಲ್ಲಿ ಆಗಲೇ ಕಿಡ್ನಿ ಟ್ರೇ ಇದ್ದ. ಕುತ್ತಿಗೆಗೆ ನಾಲ್ಕು, ತೋಳಿಗೆ ಮೂರು, ಮಡಿಲಲ್ಲಿ ಮೂರು, ಹೀಗೆ ದೋಣಿಯ ಹತ್ತು ಜನರ ಚೀಲ ಹೊತ್ತುಕೊಂಡು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದ. ಫೋನು, ಪಾಸ್‌ಪೋರ್ಟು, ಎಲ್ಲ ಅವುಗಳಲ್ಲೇ. ಸಿಸ್ಟರ್ ಮಾತ್ರ ತನ್ನದನ್ನು ಯಾರಿಗೂ ಕೊಟ್ಟಿರಲಿಲ್ಲ.

"ನಾನು ಪಿಯಾನೋಗಳಿಗೆ ಶ್ರುತಿ ಮಾಡೋನು," ಎಂದ ಅವನು, ಮುರುಕು ಇಂಗ್ಲಿಷಿನಲ್ಲಿ, ಕ್ಷಮೆ ಕೇಳುವವನ ಹಾಗೆ. "ಈ ಕಿವಿ ಹೋದ್ರೆ ನನಗೆ ಬೇರೆ ಕೆಲಸ ಬರಲ್ಲ."

"ಮತ್ತೆ ಯಾಕೆ ಬಂದ್ರಿ?"

"ನಾನೊಬ್ಬನೇ ಹಾಸ್ಟೆಲ್ಲಲ್ಲಿ ಉಳಿದ್ರೆ ಇವರಿಗೆಲ್ಲ ಬೇಜಾರಾಗುತ್ತೆ ಅನ್ನಿಸ್ತು."

ಸಿಸ್ಟರಿಗೆ ನಗು ಬಂತು, ಆದರೆ ನಗಲಿಲ್ಲ. ಸೊಂಟದ ಪಟ್ಟಿಯಲ್ಲಿದ್ದ ಔಷಧದ ಡಬ್ಬಿ ತೆಗೆದು, ಹತ್ತಿ ಉಂಡೆ ಮಾಡಿ ಅವನ ಎರಡೂ ಕಿವಿಗೆ ತಾನೇ ಗಿಡಿದಳು. ಅವನ ಮುಖ ಎಷ್ಟೋ ದಿನದ ಹಲ್ಲುನೋವು ನಿಂತವನ ಹಾಗಾಯಿತು. ದಂಡೆಯ ತುದಿಯಲ್ಲಿ ಒಂದು ಬಂಡೆ ಇದೆ, ಅಲ್ಲಿ ಸದ್ದು ಕಡಿಮೆ, ಅಲ್ಲಿ ಕೂತಿರುತ್ತೇನೆ ಎಂದು ಕೈಸನ್ನೆ ಮಾಡಿ, ಚೀಲಗಳನ್ನೆಲ್ಲ ಹೊತ್ತುಕೊಂಡು ಒಣ ಮರಳಿನಲ್ಲಿ ನಡೆದುಹೋದ. ಕೊಕ್ಕೆ ಎದುರು ಸಿಕ್ಕಿ, ಅವನ ಬೆನ್ನು ತಟ್ಟಿ, ತನ್ನ ಟೋಪಿಯನ್ನೂ ಅವನ ಕೈಗೆ ಕೊಟ್ಟು ಕುಣಿಯಲು ಓಡಿದ.

ಬೆಳಗಿನ ಜಾವಕ್ಕೆ ಕುಣಿತ ನೆಲ ಕಚ್ಚಿತು, ಧಬ್ ಧಬ್ ಮಾತ್ರ ನಿಲ್ಲಲಿಲ್ಲ. ಬೆಳಕು ಹರಿದಾಗ ದಂಡೆಯ ಅವತಾರ ಕಾಣಿಸಿತು. ರಾತ್ರಿ ದೇವಲೋಕ ಎಂದದ್ದು ಬೆಳಿಗ್ಗೆ ತಿಪ್ಪೆಯಾಗಿತ್ತು: ಒಡೆದ ಬಾಟಲಿ, ಒಂಟಿ ಚಪ್ಪಲಿ, ವಾಂತಿ, ಅದರ ಪಕ್ಕದಲ್ಲೇ ಬಾಯಿ ತೆರೆದು ಮಲಗಿದ ಮನುಷ್ಯ ಸಂತಾನ. ಎಚ್ಚರಿದ್ದವರು ಸೂರ್ಯನ ಕಡೆ ಮುಖಮಾಡಿ ಕಣ್ಣೀರು ಹಾಕುತ್ತಿದ್ದರು. ಸೂರ್ಯ ದಿನಾ ಹುಟ್ಟುತ್ತಾನೆ ಎಂಬುದನ್ನು ಇವರಿಗೆ ಮೊದಲೇ ಯಾರೂ ಹೇಳಿರಲಿಲ್ಲವೇನೋ. ಇಕ್ಕಳ ಬಂದು ಸಿಸ್ಟರನ್ನೇ ತಬ್ಬಿಕೊಂಡು, "ನಾವೆಲ್ಲ ಒಂದೇ," ಎಂದ. ಅವನ ಬಾಯಿಯಿಂದ ಬಕೆಟ್ಟಿನ ವಾಸನೆ ಬಂತು.

ಆರಕ್ಕೆ ಐದು ನಿಮಿಷ ಇರುವಾಗ ಎಲ್ಲರೂ ದೋಣಿಯೊಳಗೆ ಮೂಟೆಗಳ ಹಾಗೆ ಬಿದ್ದುಕೊಂಡರು. ದೋಣಿಯವನು ಯಂತ್ರ ಶುರುಮಾಡಿದ. ಸಿಸ್ಟರ್ ಎಣಿಸಿದಳು. ಹನ್ನೊಂದು.

ಮತ್ತೆ ಎಣಿಸಿದಳು. ಹನ್ನೊಂದು.

"ನಿಲ್ಲಿಸಿ," ಎಂದಳು. "ಒಬ್ಬರು ಕಡಿಮೆ ಇದ್ದಾರೆ."

ಯಾರೂ ಕಣ್ಣು ತೆರೆಯಲಿಲ್ಲ. ಕತ್ತರಿ ಮಾತ್ರ, "ಎಲ್ಲರೂ ಇದ್ದೀವಲ್ಲ," ಎಂದು ಗೊಣಗಿ, ತನ್ನ ಸುತ್ತ ಬಿದ್ದಿದ್ದ ಕೈಕಾಲುಗಳ ಕಡೆಗೆ ಬೆರಳು ತೋರಿಸಿದಳು. ಯಾರಿಲ್ಲ ಹೇಳಿ ಎಂದ ಕೊಕ್ಕೆ. ರಾತ್ರಿಯಿಡೀ ತಬ್ಬಿಕೊಂಡವರು, ಜನ್ಮಾಂತರದ ನಂಟಿನವರು, ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಲ್ಲ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

"ಬರುವಾಗಲೇ ಹನ್ನೊಂದು ಇದ್ದಿರಬೇಕು, ಅಮ್ಮ," ಎಂದ ದೋಣಿಯವನು. "ನೀರು ಏರ್ತಾ ಇದೆ."

ದೊಡ್ಡ ಡಾಕ್ಟರು ಹೇಳಿದ್ದೂ ಇದನ್ನೇ. ಅದೇ ಮಾತು, ಕಟ್ಟಿನಲ್ಲೇ ಒಂಬತ್ತು ಇದ್ದಿರುತ್ತೆ. ಅವಳು ಮೂರನೆಯ ಸಲ ಎಣಿಸತೊಡಗಿದಳು.

"ಚಿಕ್ಕಮ್ಮ, ಸಾಕು, ಕೂತ್ಕೋ," ಎಂದಳು ಅಕ್ಕನ ಮಗಳು, ನಿದ್ದೆಗಣ್ಣಿನಲ್ಲಿ, ಎಲ್ಲರ ಮುಂದೆ ಮುಖ ಮುಚ್ಚಿಕೊಳ್ಳುವ ಹಾಗಾಗಿ. "ಆಸ್ಪತ್ರೆಯಲ್ಲೂ ಹೀಗೇ ಮಾಡಿದ್ಯಂತಲ್ಲ. ಅಮ್ಮ ಹೇಳಿದ್ಲು. ನಿನ್ನ ಎಣಿಕೆನೇ ತಪ್ಪು ಅಂತ ನೀನೇ ಒಪ್ಪಿಕೊಂಡ್ಯಂತೆ."

ಆ ಮಾತು ಅವಳ ಕಪಾಳಕ್ಕೆ ಹೊಡೆದ ಹಾಗೆ ಬಿತ್ತು. ಹೌದು, ಒಪ್ಪಿಕೊಂಡವಳೇ ಅವಳು. ಇನ್ನೇನು ಕುಳಿತುಬಿಡಬೇಕು, ಅಷ್ಟರಲ್ಲಿ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದ್ದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ. ಅವಳು ದೋಣಿಯ ಅಂಚು ಹಿಡಿದು ನೀರಿಗೆ ಇಳಿದಳು. ಸೊಂಟದವರೆಗೆ ಬಂತು.

"ಒಬ್ಬರು ಕಡಿಮೆ ಅಂದ್ರೆ ನಂಬಲ್ಲ ಅಲ್ವಾ. ಈಗ ಇಬ್ಬರು ಕಡಿಮೆ. ಬಿಟ್ಟು ಹೋಗಿ ನೋಡೋಣ."

ದೋಣಿಯವನು ಯಂತ್ರ ನಿಲ್ಲಿಸಿದ. ಸಿಸ್ಟರ್ ಥಿಯೇಟರಿನಲ್ಲಿ ಟ್ರೇ ನೋಡುವ ಹಾಗೆ ಎಡದಿಂದ ಬಲಕ್ಕೆ ಒಂದೊಂದೇ ಮುಖ ನೋಡುತ್ತ ಹೋದಳು. ಕತ್ತರಿ ಇದೆ. ಇಕ್ಕಳ ಇದೆ. ಕೊಕ್ಕೆ ಇದೆ. ಕೊನೆಗೆ ಬಂದಾಗ ಟ್ರೇಯ ಮೂಲೆ ಖಾಲಿ ಇತ್ತು.

"ಚೀಲ ಹೊತ್ತಿದ್ದವನು," ಎಂದಳು. "ದಪ್ಪಗಿನವನು. ಅವನಿಲ್ಲ."

ಆಗ ನೋಡಬೇಕಿತ್ತು. ಚೀಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸತ್ತವರ ಹಾಗೆ ಬಿದ್ದಿದ್ದವರೆಲ್ಲ ಎದ್ದು ಕುಳಿತರು. ನನ್ನ ಫೋನ್ ಎಂದಳು ಒಬ್ಬಳು, ನನ್ನ ಪಾಸ್‌ಪೋರ್ಟ್ ಎಂದ ಇನ್ನೊಬ್ಬ. ಮನುಷ್ಯ ಕಾಣೆಯಾದಾಗ ಬಾರದ ಎಚ್ಚರ ಚೀಲ ಕಾಣೆಯಾದಾಗ ಬಂತು. "ಮೊದಲ ದಿನವೇ ನನಗೆ ಅನುಮಾನ ಇತ್ತು," ಎಂದಳು ಕತ್ತರಿ. "ಯಾರು ಹೇಳಿದ್ರೂ ಎಲ್ಲ ಹೊತ್ಕೊಳ್ತಾನೆ, ಯಾವ ಒಳ್ಳೆ ಮನುಷ್ಯ ಹಾಗೆ ಮಾಡ್ತಾನೆ?" ನಾವೆಲ್ಲ ಒಂದೇ ಎಂದಿದ್ದ ಇಕ್ಕಳ, ಸಿಕ್ಕರೆ ಹಲ್ಲು ಉದುರಿಸುತ್ತೇನೆ ಎಂದು ತೋಳು ಮಡಚಿದ.

"ಬಂಡೆ ಕಡೆ ನಡೆಸಿ," ಎಂದಳು ಸಿಸ್ಟರ್ ದೋಣಿಯವನಿಗೆ, ಮತ್ತೆ ಹತ್ತಿಕೊಳ್ಳುತ್ತ.

ರಾತ್ರಿ ಒಣ ಮರಳಿನಲ್ಲಿ ನಡೆದುಹೋಗಬಹುದಾಗಿದ್ದ ಬಂಡೆಯ ಸುತ್ತ ಈಗ ಕಡಲು. ಅದರ ತುದಿಯಲ್ಲಿ ಅವನು ನಿಂತಿದ್ದ. ನೀರು ಅವನ ಎದೆಗೆ ಬಂದಿತ್ತು. ಹತ್ತು ಚೀಲಗಳಲ್ಲಿ ನಾಲ್ಕನ್ನು ತಲೆಯ ಮೇಲೆ ಇಟ್ಟುಕೊಂಡು, ಉಳಿದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಕೊಕ್ಕೆಯ ಟೋಪಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಕಿವಿಯಲ್ಲಿ ಹತ್ತಿ ಹಾಗೇ ಇತ್ತು. ಅವನಿಗೆ ಈಜು ಬರುತ್ತಿರಲಿಲ್ಲ. ಹತ್ತಿಯ ನೆಮ್ಮದಿಯಲ್ಲಿ ಕುಳಿತಲ್ಲೇ ತೂಕಡಿಸಿದ್ದ, ಎಚ್ಚರಾದಾಗ ಸುತ್ತ ನೀರಿತ್ತು, ಕೂಗಿದ್ದು ಲೌಡ್‌ಸ್ಪೀಕರಿನ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಇದೆಲ್ಲ ಆಮೇಲೆ ತಿಳಿಯಿತು. ಆಗ ಸಿಸ್ಟರಿಗೆ ಕಂಡದ್ದು ಅವನ ನೀಲಿಗಟ್ಟಿದ ತುಟಿ ಮಾತ್ರ. ಆ ಹತ್ತಿ ತಾನೇ ಗಿಡಿದದ್ದು.

ದೋಣಿ ಹತ್ತಿರ ಹೋಯಿತು. ಎಂಟು ಕೈಗಳು ಚಾಚಿದವು. ಮೊದಲು ಚೀಲಗಳು ದೋಣಿ ಹತ್ತಿದವು, ಆಮೇಲೆ ಟೋಪಿ, ಕೊನೆಗೆ ಮನುಷ್ಯ. ಅವನನ್ನು ಎಳೆದುಕೊಂಡದ್ದು ಸಿಸ್ಟರ್, ದೋಣಿಯವನು, ಮತ್ತು ಅಳುತ್ತಿದ್ದ ಅಕ್ಕನ ಮಗಳು. ಹತ್ತಿದವನು ಹಲ್ಲು ಕಟಕಟಿಸುತ್ತ ಕತ್ತರಿಗೆ ಹೇಳಿದ ಮೊದಲ ಮಾತು, "ಕ್ಷಮಿಸಿ, ನಿಮ್ಮ ಚೀಲ ಮಾತ್ರ ಕೆಳಗೆ ಸ್ವಲ್ಪ ನೆನೆದಿದೆ."

ಕತ್ತರಿ ಚೀಲ ಬಿಚ್ಚಿ ಫೋನ್ ಒತ್ತಿ ನೋಡಿದಳು. ಬೆಳಕು ಬಂತು. ಆಮೇಲೆ ಅವಳು ಅವನ ಕಡೆ ತಿರುಗಿ, "ಓ, ನೀನು ಎಷ್ಟು ಒಳ್ಳೆಯವನು," ಎಂದು ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆದಳು. ಮಿ‌ಕ್ಕವರೂ ಫೋಟೋಗೆ ಸೇರಿಕೊಂಡರು. ಹಲ್ಲು ಉದುರಿಸಲು ಹೊರಟವನು ಎಲ್ಲರಿಗಿಂತ ಮುಂದೆ ನಿಂತು ಹಲ್ಲು ಕಿರಿದ.

ಸಿಸ್ಟರ್ ಅವನ ಒದ್ದೆ ಅಂಗಿ ತೆಗೆಸಿ, ದೋಣಿಯವನ ಕಂಬಳಿ ಹೊದಿಸಿ, ಪಾದ ಉಜ್ಜುತ್ತ ಕುಳಿತಳು. ಇವರಿಗೆ ಎರಡು ಮಾತು ಬಿಗಿಯಬೇಕು ಎಂದು ಬಾಯಿಯವರೆಗೆ ಬಂದಿತ್ತು. ಒಬ್ಬ ಮನುಷ್ಯನನ್ನು ಬಿಟ್ಟು ಹೊರಟುಬಿಟ್ಟಿದ್ದಿರಲ್ಲ, ನೀವೂ ಮನುಷ್ಯರಾ, ಎಂದು. ಬಾಯಿ ತೆರೆದಳು. ಮಾತು ಹೊರಗೆ ಬರಲಿಲ್ಲ, ಒಳಕ್ಕೆ ಹೋಗಿ ಅವಳನ್ನೇ ಕೇಳಿತು. ಇವರಿಗಾದರೂ ಯಾರು ಕಡಿಮೆ ಎಂದು ಗೊತ್ತಿರಲಿಲ್ಲ, ಅದಕ್ಕೆ ಹೊರಟರು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹಲಗೆಯ ಮೇಲೆ ಹತ್ತು ಎಂದು ಬರೆದು, ವಿಮಾನ ಹತ್ತಿ, ಇಲ್ಲಿ ಬಂದು ಕುಳಿತು ಊರವರ ಹಲ್ಲುಜ್ಜುವ ಬ್ರಷ್ಷಿಗೆ ಮೂಗು ಮುರಿದಿದ್ದಳು. ಈ ದೋಣಿಯಲ್ಲಿ ತನಗಿಂತ ಕೀಳಾದವರು ಯಾರೂ ಇಲ್ಲ ಎನ್ನಿಸಿತು.

"ಚಿಕ್ಕಮ್ಮ, ತಪ್ಪಾಯ್ತು," ಎಂದಳು ಅಕ್ಕನ ಮಗಳು, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು. "ನಿನ್ನ ಎಣಿಕೆ ಸರಿಯಾಗೇ ಇತ್ತು."

"ಹೌದು ಕಣೇ," ಎಂದಳು ಸಿಸ್ಟರ್. "ಅಲ್ಲೂ ಸರಿಯಾಗೇ ಇತ್ತು."

ದೋಣಿ ದಡ ಮುಟ್ಟಿದಾಗ ಮಿಕ್ಕವರು ತಿಂಡಿ ಹುಡುಕಿಕೊಂಡು ಹೋದರು. ಪಿಯಾನೋದವನನ್ನು ಬಿಸಿನೀರಿಗೆ ಕಳಿಸಿ, ಅವನ ಜೊತೆಗೆ ಅಕ್ಕನ ಮಗಳನ್ನೂ ಕಳಿಸಿ, ಸಿಸ್ಟರ್ ದೋಣಿಕಟ್ಟೆಯ ಮೆಟ್ಟಿಲ ಮೇಲೆ ಕುಳಿತು ಒದ್ದೆ ಸೊಂಟಪಟ್ಟಿಯಿಂದ ಫೋನ್ ತೆಗೆದಳು. ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟಿದ್ದರಿಂದ ಅದು ಬದುಕಿತ್ತು. ನಂಬರು ಒತ್ತಿದಳು. ಐದಾರು ಸಲ ಗಂಟೆ ಬಾರಿಸಿತು.

"ಯಾರು?"

"ನಾನು ಆಪರೇಷನ್ ಥಿಯೇಟರಿನ ಸಿಸ್ಟರ್."

"ಓ, ಎಣಿಸೋ ಸಿಸ್ಟರಾ?" ಕಂಡಕ್ಟರಮ್ಮನ ದನಿ ಬಳಲಿತ್ತು, ಆದರೂ ನಕ್ಕಳು. "ನಮ್ಮಂಥವರನ್ನ ನೆನಪಿಟ್ಟುಕೊಂಡು ಫೋನ್ ಮಾಡಿದ್ರಲ್ಲ."

"ಹೊಟ್ಟೆ ಹೇಗಿದೆ?"

"ಏನು ಹೇಳಲಿ. ಹೊಲಿಗೆ ವಾಸಿಯಾಗಿದೆ. ಆದ್ರೆ ಎಡಗಡೆ ಮುಟ್ಟೋಕಾಗಲ್ಲ, ವಾರದಿಂದ ಸಂಜೆ ಆದ್ರೆ ಜ್ವರ. ಡಾಕ್ಟ್ರು ಗ್ಯಾಸು ಅಂತ ಮಾತ್ರೆ ಕೊಟ್ರು. ಡ್ಯೂಟಿಗೆ ಯಾವಾಗ ಹೋಗ್ತೀನೋ ಅಂತ ಕೂತಿದ್ದೀನಿ."

ಸಿಸ್ಟರ್ ಮೆಟ್ಟಿಲಿನ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಪೆನ್ನು ಇದ್ಯಾ ಹತ್ತಿರ? ನಾನು ಹೇಳಿದ್ದು ಬರ್ಕೊಳ್ಳಿ. ಇವತ್ತೇ, ಈಗಲೇ, ಬೇರೆ ಆಸ್ಪತ್ರೆಗೆ ಹೋಗಿ ಈ ಬರೆದದ್ದನ್ನ ತೋರಿಸಿ. ಹೊಟ್ಟೆ ಎಕ್ಸ್‌ರೇ ತೆಗೀಬೇಕು, ನೀಲಿ ದಾರ ಹುಡುಕಬೇಕು. ಹತ್ತು ಮಾಪ್ ಇಟ್ಟದ್ದು, ಒಂಬತ್ತು ವಾಪಸು ಬಂದದ್ದು. ಹೇಳಿದೋಳು ಥಿಯೇಟರಿನ ಸಿಸ್ಟರ್ ಅಂತ ಬರೀರಿ, ನನ್ನ ನಂಬರೂ ಬರೀರಿ."

ಆ ಕಡೆ ಕಾಗದದ ಮೇಲೆ ಪೆನ್ನು ಓಡುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ನಿಂತಿತು.

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಬೈಯಲಿ ಎಂದು ಸಿಸ್ಟರ್ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಒಂದು ಕಡಿಮೆ ಇದೆ ಅಂತ ಗೊತ್ತಿದ್ದೂ," ಎಂದಳು ಅವಳು ಕೊನೆಗೆ, ಮೆಲ್ಲಗೆ, "ರೈಟ್ ಹೇಳಿಬಿಟ್ರಾ, ಸಿಸ್ಟರ್?"

"ಹೌದು," ಎಂದಳು ಸಿಸ್ಟರ್. "ಅದನ್ನೂ ಬರ್ಕೊಳ್ಳಿ."